ಮಂಗಮ್ಮನವರ ಡಬ್ಬಿ

ಜಯನಗರ ಒಂಬತ್ತನೇ ಬ್ಲಾಕ್
12 ಸೆಪ್ಟೆಂಬರ್ 2024

ಚಿ. ಶೃತಿಗೆ,

ಜ್ವರ ಬಿಟ್ಟು ಎದ್ದು ಓಡಾಡುತ್ತಿದ್ದೀಯ ಎಂದು ಮುನಿಯಕ್ಕ ಹೇಳಿದಳು. ಮೊನ್ನೆಯಿಂದ ಮುದ್ದೆ ಊಟ ಮಾಡುತ್ತಿದ್ದೀಯಂತೆ. ಕೇಳಿ ಹೊಟ್ಟೆ ತಣ್ಣಗಾಯಿತು. ಆದರೆ ನಿನ್ನ ಜ್ವರ ಈಗ ನಿನ್ನ ಫೋನಿಗೆ ಅಂಟಿಕೊಂಡಂತಿದೆ, ನಾನು ಎಷ್ಟು ಸಲ ಮಾಡಿದರೂ ಅದು ಏಳುವುದಿಲ್ಲ. ಇರಲಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಕಣ್ಣು ತಪ್ಪಿಸುವ ಮಕ್ಕಳನ್ನು ಹಿಡಿಯುವುದು ನನಗೆ ಹೊಸದಲ್ಲ. ನಮ್ಮ ಮನೆ ಕೆಲಸಕ್ಕೆ ಬರುವ ಮುನಿಯಕ್ಕ ನಿಮ್ಮ ಪಕ್ಕದ ಮನೆಯಲ್ಲೇ ಇರುವಾಗ ಟಪಾಲಿನ ಖರ್ಚೂ ಇಲ್ಲ.

ಇವತ್ತು ಪಾತ್ರೆ ತೊಳೆಯುತ್ತಾ ಅವಳು ಇನ್ನೊಂದು ಮಾತು ಹೇಳಿದಳು. "ಆ ಮಗು ಕಾಲೇಜು ಬಿಟ್‌ಬಿಡ್ತಂತೆ ಅಮ್ಮಾವ್ರೆ." ನಾನು ನಂಬಲಿಲ್ಲ. ಮುನಿಯಕ್ಕನ ಬಾಯಲ್ಲಿ ಎಂದೂ ಹುಲ್ಲುಕಡ್ಡಿಯೇ ಬೆಟ್ಟ. ಹಾಜರಿ ಕಡಿಮೆಯಾಯಿತೆಂದು ನೀನು ಹೆದರಿದ್ದರೆ, ನಮ್ಮ ಯಜಮಾನರು ಬಂದು ಪ್ರಿನ್ಸಿಪಾಲರನ್ನು ಕಾಣುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಯಾರನ್ನಾದರೂ ಕಾಣಲು ನೆಪ ಸಿಕ್ಕಿದರೆ ಅವರಿಗೆ ಹಬ್ಬ.

ಮಗಳ ಹೆಸರಿನಲ್ಲಿ ಸಮನ್ವಿತಾ ವಿದ್ಯಾನಿಧಿ ಎಂದು ದೊಡ್ಡದಾಗಿ ಕರೆದುಕೊಂಡರೂ ಅದರಲ್ಲಿರುವುದು ನಾವಿಬ್ಬರು ಮುದುಕರು ಮತ್ತು ನೀನೊಬ್ಬಳು ವಿದ್ಯಾರ್ಥಿನಿ. ಸೆಮಿಸ್ಟರಿಗೊಂದು ಕಾಗದ ಕೈಯಾರೆ ಬರೆಯಬೇಕೆಂದು ನಾನು ಕೇಳಿಕೊಂಡಿದ್ದೆ. ಐದನೇ ಸೆಮಿಸ್ಟರಿನದು ಇನ್ನೂ ಬಂದಿಲ್ಲ. ನಮ್ಮ ಸಮ್ಮು ಬಾಟನಿ ಓದುತ್ತಾ ಐದನೇ ಸೆಮಿಸ್ಟರಿಗೇ ನಿಂತಳು, ಇದೇ ಹಾಳು ಡೆಂಗ್ಯೂ ಜ್ವರದಲ್ಲಿ. ನೀನು ಅದೇ ಜ್ವರವನ್ನು ಗೆದ್ದು ಎದ್ದಿದ್ದೀಯ. ನೀನು ಮಲಗಿದ್ದಷ್ಟು ದಿನವೂ ನಾನು ದೇವರ ಮನೆಯ ದೀಪ ಆರದಂತೆ ನೋಡಿಕೊಂಡೆ.

ನಿಮ್ಮಮ್ಮನ ಸ್ಟೀಲ್ ಡಬ್ಬಿಯಲ್ಲಿ ಹುರಿಹಿಟ್ಟು ಕಳಿಸಿದ್ದೇನೆ. ಹೋದ ಚಳಿಗಾಲದಲ್ಲಿ ಅವರು ಹಿತಕಿದ ಬೇಳೆ ತುಂಬಿ ಕಳಿಸಿದ ಡಬ್ಬಿ ಇದು, ಮುಚ್ಚಳದ ಮೇಲೆ 'ಕೆಂಪರಾಜು – ಮಂಗಮ್ಮ' ಎಂದು ಕೊರೆಸಿದೆ. ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದಲ್ಲ, ನಾನು ಏನಾದರೂ ಹಾಕುತ್ತೇನೆ. ಅವರೂ ಬರಿದಾಗಿ ಕಳಿಸುವುದಿಲ್ಲ. ಹೀಗೆ ಆ ಡಬ್ಬಿ ಸುದ್ದಗುಂಟೆಪಾಳ್ಯಕ್ಕೂ ಜಯನಗರಕ್ಕೂ ಓಡಾಡಿಕೊಂಡೇ ಇದೆ. ಹಿಟ್ಟನ್ನು ಹಾಲಿನಲ್ಲಿ ಕಲಸಿ ಬೆಲ್ಲ ಹಾಕಿಕೊಂಡು ತಿನ್ನು. ಬೇಗ ಬರೆ.

ಅಮ್ಮ


ಸುದ್ದಗುಂಟೆಪಾಳ್ಯ
20 ಸೆಪ್ಟೆಂಬರ್ 2024

ಮಾನ್ಯ ಮೇಡಂ ಅವರಿಗೆ,

ನಮಸ್ಕಾರಗಳು. ಮುನಿಯಕ್ಕ ಹೇಳಿದ್ದು ನಿಜ. ನಾನು ಕಾಲೇಜು ಬಿಟ್ಟಿದ್ದೇನೆ. ಅರ್ಜಿ ಕೊಟ್ಟು ಬಂದೆ. ಟಿ.ಸಿ. ತೆಗೆದುಕೊಂಡಿಲ್ಲ. ಮನಸ್ಸು ಬದಲಾದರೆ ಮುಂದಿನ ವರ್ಷ ಇದೇ ಸೆಮಿಸ್ಟರಿಗೆ ಬಂದು ಸೇರಬಹುದು ಎಂದು ಆಫೀಸಿನಲ್ಲಿ ಹೇಳಿದರು.

ಬಿಡಲು ಕಾರಣ ಮನೆಯ ಪರಿಸ್ಥಿತಿ. ಅಪ್ಪ ಇಲ್ಲದ ಮನೆ, ಅಮ್ಮ ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳಬೇಕು. ನನ್ನ ಕಾಯಿಲೆಯಲ್ಲಿ ಅವರು ತುಂಬಾ ಸೊರಗಿಹೋದರು.

ಅರ್ಧದಲ್ಲಿ ಓದು ಬಿಟ್ಟವರು ಆ ವರ್ಷದ ಹಣವನ್ನು ನಿಧಿಗೆ ಹಿಂದಿರುಗಿಸಬೇಕು ಎಂಬ ನಿಯಮವಿದೆ. ಅಮ್ಮ ಈ ವರ್ಷದ್ದು ಮಾತ್ರವಲ್ಲ, ಮೊದಲ ವರ್ಷದಿಂದ ನಿಮ್ಮಿಂದ ಪಡೆದದ್ದೆಲ್ಲವನ್ನೂ ಕೊಟ್ಟುಬಿಡಬೇಕು ಅನ್ನುತ್ತಾರೆ. ಒಟ್ಟಿಗೆ ಆಗುವುದಿಲ್ಲ, ಮೂರು ಕಂತು ಮಾಡಿಕೊಂಡಿದ್ದೇವೆ. ಮೊದಲನೆಯದು ಡಬ್ಬಿಯೊಳಗೆ ಕವರಿನಲ್ಲಿದೆ. ಫೋನಿನಲ್ಲೇ ಹಾಕುತ್ತೇನೆ ಅಂದೆ. "ಕೈಯಿಂದ ಕೈಗೇ ಹೋಗ್ಬೇಕು, ಹೋಗಿದ್ದು ನನ್ ಕಣ್ಣಿಗೆ ಕಾಣ್ಬೇಕು" ಅಂದರು.

ನೀವು ಕೊಟ್ಟಿದ್ದ ಲ್ಯಾಬ್ ಕೋಟನ್ನು ಒಗೆದು ಇಸ್ತ್ರಿ ಮಾಡಿ ಮುನಿಯಕ್ಕನ ಹತ್ತಿರ ಕಳಿಸಿದ್ದೇನೆ. ಸಮನ್ವಿತಾ ಅಕ್ಕನ ಪುಸ್ತಕಗಳೂ ಜೊತೆಗಿವೆ.

ಒಂದು ಕೋರಿಕೆ. ದಯವಿಟ್ಟು ಡಬ್ಬಿಯನ್ನು ಖಾಲಿಯಾಗಿಯೇ ಕಳಿಸಿ.

ತಮ್ಮ ವಿಶ್ವಾಸಿ,
ಶೃತಿ ಕೆ.


ಜಯನಗರ
23 ಸೆಪ್ಟೆಂಬರ್ 2024

ಚಿ. ಶೃತಿಗೆ,

ನಿನ್ನ ಕಾಗದದಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲ. ಅದಕ್ಕೇ ಅದು ನಿನ್ನದಲ್ಲ ಅನ್ನಿಸಿತು. ಎರಡು ವರ್ಷ 'ಅಮ್ಮ' ಎಂದು ಬರೆದವಳು ಈಗ 'ಮಾನ್ಯ ಮೇಡಂ' ಎಂದಿದ್ದೀಯ. ಇನ್ನು 'ವಿಷಯ', 'ಉಲ್ಲೇಖ' ಎಂದು ಹಾಕಿದ್ದರೆ ಸರ್ಕಾರಿ ಅರ್ಜಿಯೇ ಆಗಿಬಿಡುತ್ತಿತ್ತು.

ಆ ನಿಯಮವನ್ನು ಬರೆದದ್ದು ನಮ್ಮ ಯಜಮಾನರು. ಬ್ಯಾಂಕಿನವರು ಮಂಗಳಾರತಿಗೂ ಷರತ್ತು ಹಾಕುತ್ತಾರೆ. ಅದನ್ನು ನಾನು ಆಗಲೇ ಹೊಡೆದುಹಾಕಿ ಎಂದಿದ್ದೆ, ಮರೆತರು. ನಿನ್ನ ಕವರನ್ನು ನಾನು ತೆರೆದೂ ನೋಡಿಲ್ಲ, ಇದ್ದ ಹಾಗೆಯೇ ಡಬ್ಬಿಯ ತಳದಲ್ಲಿಟ್ಟು ಮೇಲೆ ಕೊಬ್ಬರಿ ಮಿಠಾಯಿ ಹಾಕಿದ್ದೇನೆ. ಬರಿ ಡಬ್ಬಿ ಕಳಿಸಬೇಕಂತೆ. ನನ್ನ ಅತ್ತೆಯ ಕಾಲದಿಂದ ಈ ಮನೆಯಲ್ಲಿ ಯಾರ ಪಾತ್ರೆಯೂ ಬರಿದಾಗಿ ಹೋಗಿಲ್ಲ. ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆಯಾದರೂ ಹಾಕಿ ಕಳಿಸಿದವರು ನಾವು.

ಮನೆಯ ಪರಿಸ್ಥಿತಿ ಎಂದೆಯಲ್ಲ, ಹಣವೇ ಕಷ್ಟವಾಗಿದ್ದರೆ ಹಣ ವಾಪಸು ಕೊಡುವವರು ಯಾರಾದರೂ ಇದ್ದಾರೆಯೇ? ಇಷ್ಟು ಸಣ್ಣ ಲೆಕ್ಕ ನನಗೂ ಬರುತ್ತದೆ. ನಿಮ್ಮಮ್ಮನಿಗೆ ಮೈ ಹುಷಾರಿಲ್ಲದಿದ್ದರೆ ಹೇಳು, ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ. ಯಾರಾದರೂ ಏನಾದರೂ ಅಂದಿದ್ದರೆ ಅದನ್ನೂ ಹೇಳು.

ಕೋಟನ್ನು ನೋಡಿ ಮನಸ್ಸು ಕೆಟ್ಟಿತು. ಜೇಬಿನ ಮೇಲೆ ನಾನೇ ಹೊಲಿದಿದ್ದ 'ಎಸ್' ಅಕ್ಷರ ಇನ್ನೂ ಮಾಸಿಲ್ಲ. ನಿನಗೆ ಕೊಡುವಾಗ ಅದನ್ನು ಬಿಚ್ಚುವುದೂ ಬೇಕಾಗಲಿಲ್ಲ, ನಿನ್ನ ಹೆಸರೂ ಅದೇ ಅಕ್ಷರದ್ದು. ಅಂದು ಅದನ್ನು ನಾನು ದೇವರು ಮಾಡಿದ ಏರ್ಪಾಡು ಎಂದುಕೊಂಡಿದ್ದೆ.

ಕಾಲೇಜಿಗೆ ಹೋಗು ಮಗು. ಜಗಳವಾಡಬೇಕಾದರೆ ಮನೆಗೆ ಬಾ, ಕಾಫಿ ಕುಡಿದುಕೊಂಡು ಜಗಳವಾಡೋಣ.

ಅಮ್ಮ


ಸುದ್ದಗುಂಟೆಪಾಳ್ಯ
16 ಅಕ್ಟೋಬರ್ 2024

ಮೇಡಂ ಅವರಿಗೆ,

ನೀವು ಹಿಂದಿರುಗಿಸಿದ್ದೂ ಸೇರಿ ಎರಡು ಕಂತಿನ ಹಣವನ್ನೂ ಒಟ್ಟಿಗೆ ಕಳಿಸಿದ್ದೇನೆ. ದಯವಿಟ್ಟು ಈ ಸಲ ಇಟ್ಟುಕೊಳ್ಳಿ.

ಹಣ ಎಲ್ಲಿಂದ ಬಂತು ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ನಮ್ಮ ಮನೆಯ ಮುಂದಿನ ಭಾಗವನ್ನು ಭೋಗ್ಯಕ್ಕೆ ಹಾಕಿದ್ದೇವೆ. ನಾವಿಬ್ಬರೂ ಹಿಂದಿನ ರೂಮಿನಲ್ಲಿದ್ದೇವೆ. ಇಬ್ಬರಿಗೆ ಅಷ್ಟು ಜಾಗ ಸಾಕು. ಅಮ್ಮನಿಗೆ ಕಾಯಿಲೆಯೇನೂ ಇಲ್ಲ. ಯಾರೂ ಏನೂ ಅಂದಿಲ್ಲ.

ನೀವು ಹಣ ಇಟ್ಟುಕೊಂಡರೆ ನನಗೆ ದೊಡ್ಡ ಉಪಕಾರವಾಗುತ್ತದೆ. ಇದಕ್ಕಿಂತ ಹೆಚ್ಚು ಬರೆಯಲು ಬರುತ್ತಿಲ್ಲ. ಡಬ್ಬಿ ಖಾಲಿ ಇರಲಿ.

ಶೃತಿ


ಜಯನಗರ
18 ಅಕ್ಟೋಬರ್ 2024

ಶೃತಿ,

ಇರುವ ಮನೆಯನ್ನು ಭೋಗ್ಯಕ್ಕೆ ಹಾಕಿ ನನ್ನ ಹಣ ತೀರಿಸಲು ನಾನೇನು ಸಾಲ ಕೊಟ್ಟವಳೇ? ನೀನು ಕಳಿಸಿದ್ದನ್ನು ನೋಡಿ ನಾನು ಅಡಿಗೆಮನೆಯಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ನನಗೆ ನೋವಾಗಿದೆ ಎಂದು ಬಾಯಿಬಿಟ್ಟೇ ಹೇಳುತ್ತಿದ್ದೇನೆ, ಯಾಕೆಂದರೆ ನೀನು ಏನನ್ನೂ ಬಾಯಿಬಿಟ್ಟು ಹೇಳುತ್ತಿಲ್ಲ.

ನಿನಗೆ ಚೆಕ್ ಕೊಟ್ಟ ದಿನಗಳನ್ನು ನೆನಪಿಸಿಕೋ. ಸಮ್ಮುವಿನ ಹುಟ್ಟುಹಬ್ಬದ ದಿನ ನಿನ್ನನ್ನು ಊಟಕ್ಕೆ ಕರೆದು, ಅರಿಶಿನ ಕುಂಕುಮ ಕೊಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸ್ ಇಟ್ಟು ಅದರ ಮೇಲೆ ಚೆಕ್ ಇಟ್ಟು ಕೊಟ್ಟೆ. ನೀನು ಸೆರಗು ಇಲ್ಲವೆಂದು ದುಪಟ್ಟಾ ಒಡ್ಡಿ ತೆಗೆದುಕೊಂಡೆ. ತಾಂಬೂಲದ ಜೊತೆ ಕೊಟ್ಟದ್ದನ್ನು ಯಾರಾದರೂ ಹಿಂದಕ್ಕೆ ಪಡೆಯುತ್ತಾರೆಯೇ? ಕೊಟ್ಟ ಹೆಣ್ಣನ್ನು ಹಿಂದಕ್ಕೆ ಕೇಳಿದ ಹಾಗೆ ಅದು. ನನ್ನ ಕೈಯಲ್ಲಿ ಆಗುವುದಿಲ್ಲ.

ಕವರು ಎರಡೂ ಡಬ್ಬಿಯಲ್ಲಿವೆ. ಮೇಲೆ ಚಕ್ಕುಲಿ ಇದೆ, ನಿನಗಿಷ್ಟವೆಂದು ಬೆಣ್ಣೆ ಹಾಕಿ ಮಾಡಿದ್ದೆ. ನೀನು ತಿನ್ನದಿದ್ದರೆ ಬೀದಿಯ ಮಕ್ಕಳಿಗಾದರೂ ಕೊಡು.

ನಾನು ಏನು ತಪ್ಪು ಮಾಡಿದೆ ಎಂದು ಯೋಚಿಸಿ ಯೋಚಿಸಿ ಸಾಕಾಗಿದೆ. ಹೇಳದೆ ಶಿಕ್ಷೆ ಕೊಡುವುದನ್ನು ಮೇಷ್ಟರುಗಳೂ ಮಾಡುವುದಿಲ್ಲ. ಓದು ಬಿಟ್ಟರೆ ಬಿಡು, ಜನವರಿ ಹತ್ತೊಂಬತ್ತಕ್ಕೆ ಸಮ್ಮುವಿನ ಹುಟ್ಟುಹಬ್ಬದ ಊಟಕ್ಕೆ ಬಾರದೆ ಇರಬೇಡ. ಆ ದಿನ ಆ ಕುರ್ಚಿ ಖಾಲಿ ಇದ್ದರೆ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.

ಅಮ್ಮ


ಜಯನಗರ
10 ನವೆಂಬರ್ 2024

ಕುಮಾರಿ ಶೃತಿಗೆ, ಬದರಿನಾಥನ ಆಶೀರ್ವಾದಗಳು.

ನಮ್ಮ ಮನೆಯವಳು ಸೀತೆಗೆ ಈ ಕಾಗದದ ವಿಷಯ ತಿಳಿಯದು. ಮುನಿಯಕ್ಕನಿಗೂ ಬಾಯಿ ಬಿಡಬೇಡ ಎಂದಿದ್ದೇನೆ, ಅದು ಎಷ್ಟು ದಿನ ನಡೆಯುತ್ತದೋ ನೋಡಬೇಕು.

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುವ ಹಾಗೆ ನೀವಿಬ್ಬರೂ ಒಂದು ಡಬ್ಬಿಯನ್ನು ಎಳೆದಾಡುತ್ತಿದ್ದೀರಿ. ಭಾಷೆ ಅವಳದು, ಲೆಕ್ಕ ನನ್ನದು. ಲೆಕ್ಕದವನಾಗಿ ಹೇಳುವುದಾದರೆ ನಿಯಮದ ಪ್ರಕಾರ ನೀನು ಮಾಡಿದ್ದು ಸರಿ. ಆದರೆ ಅವಳು ಹಣವನ್ನು ಯಾಕೆ ಮುಟ್ಟುತ್ತಿಲ್ಲ ಎಂಬುದು ನಿನಗೆ ಗೊತ್ತಿರಬೇಕು.

ನಮ್ಮ ಮಗಳು ಹೋದಾಗ ಪುರೋಹಿತರು ಹದಿಮೂರನೆಯ ದಿನ ಎಲ್ಲವನ್ನೂ ಮುಗಿಸಿ ಎದ್ದು ಹೋದರು. ಮದುವೆಯಾಗದ ಹೆಣ್ಣುಮಗಳಿಗೆ ವರ್ಷಾವರ್ಷದ ಶ್ರಾದ್ಧ ನಮ್ಮ ಮನೆಯ ರೂಢಿಯಲ್ಲಿಲ್ಲವಂತೆ. ಮುಂದೆ ನಾವು ಅವಳಿಗಾಗಿ ಏನು ಮಾಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಸೀತೆ ಕೆಲವು ವರ್ಷ ಸುಮ್ಮನೆ ಇದ್ದಳು. ನಾನು ನಿವೃತ್ತನಾದಾಗ ಬಂದ ಹಣದಲ್ಲಿ ಈ ನಿಧಿ ಮಾಡಿ, ಅದೇ ಕಾಲೇಜಿನಲ್ಲಿ ಅದೇ ವಿಷಯ ಓದುವ ಹುಡುಗಿಯನ್ನು ಹುಡುಕೋಣ ಎಂದದ್ದು ಅವಳೇ. ನೀನು ಸಿಕ್ಕಿದ ಮೇಲೆ ಅವಳು ಮತ್ತೆ ಹಾಡಿಕೊಳ್ಳಲು ಶುರು ಮಾಡಿದಳು, ಅಪಸ್ವರದಲ್ಲೇ ಆದರೂ.

ಹಣವನ್ನು ಹಿಂದಕ್ಕೆ ತೆಗೆದುಕೊಂಡರೆ ಆ ಓದು ಇನ್ನೊಂದು ಸಲ ನಿಂತಿತು ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಅವಳಿಂದ ಅದು ಆಗುತ್ತಿಲ್ಲ. ನೀನು ಕಳಿಸಿದ ಕೋಟು ಮಗಳ ರೂಮಿನ ಬಾಗಿಲ ಹಿಂದಿನ ಗೂಟದಲ್ಲಿ ತೂಗುಹಾಕಿದೆ. ಅದು ಅಲ್ಲಿಗೆ ಬಂದ ಮೇಲೆ ಅವಳು ಆ ರೂಮಿನ ಕಡೆ ಹೋಗಿಲ್ಲ.

ನಿನ್ನ ನಿಜವಾದ ಕಾರಣವನ್ನು ನನಗೆ ಬರೆ. ಕಹಿಯಾಗಿದ್ದರೂ ಚಿಂತೆಯಿಲ್ಲ. ಅವಳಿಗೆ ತಿಳಿಸಬೇಕೋ ಬೇಡವೋ ನಾನು ನೋಡುತ್ತೇನೆ.

ಹಿತೈಷಿ,
ಬದರಿನಾಥ


ಸುದ್ದಗುಂಟೆಪಾಳ್ಯ
1 ಡಿಸೆಂಬರ್ 2024

ಅಂಕಲ್ ಅವರಿಗೆ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಬರೆಯುವುದು, ಹರಿಯುವುದು, ಇಷ್ಟೇ ಮಾಡಿದೆ. ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪವಾಗಿದೆ ನನಗೆ.

ಹೋದ ಜನವರಿಯ ಊಟ ನಿಮಗೆ ನೆನಪಿದೆಯಲ್ಲ. ನೀವು ಸಾರಿಗೆ ಉಪ್ಪು ಕಡಿಮೆ ಅಂದಿರಿ, ಅಮ್ಮ, ಅಂದರೆ ಸೀತಮ್ಮನವರು, ನಿಮ್ಮ ಬಿ.ಪಿ. ಎಷ್ಟಿದೆ ಅಂತ ಕೇಳಿದರು. ಎಲ್ಲರೂ ನಕ್ಕೆವು. ಪಾಯಸ ಬಡಿಸುವಾಗ ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಸಮ್ಮು, ಇನ್ನೊಂದು ಸೌಟು ಹಾಕ್ಲಾ?" ಎಂದರು. ನೀವು ತಟ್ಟೆ ನೋಡಿಕೊಂಡಿರಿ. ನಾನು "ಹೂಂ ಅಮ್ಮ, ಸ್ವಲ್ಪ ಹಾಕಿ" ಎಂದೆ. ಅವರಿಗೆ ನನ್ನನ್ನು ಏನೆಂದು ಕರೆದರೆಂದು ಗೊತ್ತೇ ಆಗಲಿಲ್ಲ. ತಿದ್ದಿದರೆ ಅವರ ಮುಖ ಏನಾಗುತ್ತದೋ ಎಂದು ನಾನೂ ತಿದ್ದಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಮುನಿಯಕ್ಕ ನಿಂತಿದ್ದಳು.

ಆಗಸ್ಟಿನಲ್ಲಿ ನನ್ನ ಪ್ಲೇಟ್‌ಲೆಟ್ ಇಳಿದು ಆಸ್ಪತ್ರೆಗೆ ಸೇರಿಸಿದಾಗ ಮುನಿಯಕ್ಕ ನೋಡಲು ಬಂದಳು. ಅಮ್ಮನಿಗೆ ಧೈರ್ಯ ಹೇಳಬೇಕೆಂದು ಅವಳು ಈ ಮಾತು ತೆಗೆದಳು, ಅವಳದ್ದೇನೂ ತಪ್ಪಿಲ್ಲ.

"ಅಮ್ಮಾವ್ರು ನಿನ್ ಮಗಳನ್ನ ಸ್ವಂತ ಮಗಳು ಅಂತಾನೇ ತಿಳ್ಕೊಂಡವ್ರೆ ಕಣೇ ಮಂಗಮ್ಮ. ಸತ್ತೋದ ಮಗಳ ಕುರ್ಚಿ ಮೇಲೇ ಕೂರಿಸ್ತಾರೆ. ಅವ್ಳಿಗೆ ಏನು ಇಷ್ಟ ಇತ್ತೋ ಅದನ್ನೇ ಮಾಡಿ ಬಡಿಸ್ತಾರೆ. ಅವ್ಳ ಹೆಸರಲ್ಲೇ ಕರೀತಾರೆ."

ನಮ್ಮಮ್ಮ ಅವಳನ್ನು ಬಾಗಿಲವರೆಗೆ ಕಳಿಸಿ ಬಂದರು. ಆಮೇಲೆ ನನ್ನನ್ನು ಕೇಳಿದರು. "ಯಾವತ್ತು ಮಾಡೋದು ಆ ಊಟ?"

"ಅಕ್ಕನ ಹುಟ್ಟಿದಬ್ಬದ ದಿನ" ಎಂದೆ.

"ಸತ್ತೋರಿಗೆ ಎಂಥಾ ಹುಟ್ಟಿದಬ್ಬ? ಅದು ಎಡೆ ಕಣೇ."

ಅಂಕಲ್, ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಅಪ್ಪನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ಅವರ ಹೆಸರು ಕರೆದು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂರುತ್ತೇವೆ. ಆ ಎಲೆಯ ಮುಂದೆ ಯಾರೂ ಕೂರುವ ಹಾಗಿಲ್ಲ. ಚಿಕ್ಕವಳಿದ್ದಾಗ ಒಂದು ಸಲ ಕೂರಲು ಹೋಗಿದ್ದಕ್ಕೆ ಅಮ್ಮ ನನ್ನನ್ನು ಹೊಡೆದಿದ್ದರು, ಅವರು ನನ್ನನ್ನು ಹೊಡೆದದ್ದು ಆ ಒಂದೇ ಸಲ.

"ಎಡೆ ಇಡೋದು ಸತ್ತೋರಿಗೆ. ಬದುಕಿರೋ ಮಗೂನ ಎಡೆ ಮುಂದೆ ಕೂರಿಸಿ ಸತ್ತೋಳ ಹೆಸರಿಡಿದು ಕರೆದ್ರೆ, ಬರೋಳು ಯಾರು, ಹೋಗೋಳು ಯಾರು? ನೀನು ಓ ಅಂದಿದೀಯ ಬೇರೆ. ಅವ್ಳ ಕೋಟು ಹಾಕ್ಕೊಂಡೆ. ಅವ್ಳ ಓದು ಓದ್ದೆ. ಅವ್ಳು ನಿಂತ ವರ್ಷಕ್ಕೇ ಬಂದು, ಅವ್ಳಿಗೆ ಬಂದ ಜ್ವರಾನೇ ನಿಂಗೂ ಬಂತು. ನಿಮ್ಮಪ್ಪನ್ನ ಕಳ್ಕೊಂಡು ಕೂತಿದೀನಿ, ನಿನ್ನೂ ಕೊಡಲ್ಲ."

ಸೊಳ್ಳೆಯಿಂದ ಬರುವ ಜ್ವರ ಅಮ್ಮ, ನಮ್ಮ ಬೀದಿಯಲ್ಲೇ ಎಷ್ಟೋ ಜನಕ್ಕೆ ಬಂದಿದೆ ಎಂದೆ. ಅವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಆಸ್ಪತ್ರೆಯ ಮಂಚದ ಕಂಬಿ ಹಿಡಿದುಕೊಂಡು ಹರಕೆ ಹೊತ್ತರು. ನಾನು ಉಳಿದರೆ ಆ ಹೆಸರಿನ ಒಂದು ರೂಪಾಯಿಯೂ ನಮ್ಮ ಮನೆಯಲ್ಲಿ ಉಳಿಯುವುದಿಲ್ಲ ಎಂದು. ಅದನ್ನು ತೀರಿಸದೆ ನಾನು ಕಾಲೇಜಿನ ಗೇಟು ದಾಟುವಂತಿಲ್ಲ. ತೀರಿಸಿದ ಮೇಲೆ "ನಿನ್ ಹೆಸರಲ್ಲಿ ಓದ್ಕೋ, ನಾನೇ ಕೂಲಿ ಮಾಡಿ ಫೀಸ್ ಕಟ್ತೀನಿ" ಎಂದಿದ್ದಾರೆ. ಜೂನ್ ಹೊತ್ತಿಗೆ ತೀರದಿದ್ದರೆ ನನ್ನ ಜಾಗ ಹೋಗುತ್ತದೆ.

ಸೀತಮ್ಮನವರು ಹಣ ವಾಪಸು ಕಳಿಸಿದಾಗಲೆಲ್ಲ ಅಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಹಾಗೇ ಮುಚ್ಚಿ, ಹಿತ್ತಲ ಕಲ್ಲಿನ ಮೇಲೆ ಇಟ್ಟುಬಿಡುತ್ತಾರೆ. ಒಳಗೆ ತರುವುದಿಲ್ಲ. ಚಕ್ಕುಲಿಯನ್ನು ಹಸುವಿಗೆ ಹಾಕಿದರು. ಅದು ಅಪ್ಪ ಅಮ್ಮನ ಮದುವೆಯಲ್ಲಿ ಬಂದ ಡಬ್ಬಿ. ಆ ಹೆಸರಿರುವ ಡಬ್ಬಿಯಲ್ಲಿ ಆ ಮನೆಯ ಅನ್ನ ಬರುವುದು ಅವರಿಂದ ನೋಡಲಾಗುತ್ತಿಲ್ಲ.

ನಾನು ಇದನ್ನೆಲ್ಲ ನಂಬುವುದಿಲ್ಲ. ಆದರೆ ನಂಬುವವರು ನನ್ನ ತಾಯಿ. ನಿಮ್ಮ ಮನೆಯಲ್ಲಿ ಉಂಡ ಅನ್ನ ಪ್ರೀತಿಯದು ಎಂದು ನನಗೆ ಗೊತ್ತು. ಅದು ನನಗೆ ಬಡಿಸಿದ್ದೋ ಅಲ್ಲವೋ ಎಂಬುದು ಮಾತ್ರ ಗೊತ್ತಿಲ್ಲ. ಇಷ್ಟು ಬರೆಯಬಾರದಿತ್ತೇನೋ. ಬಾಟನಿ ನನಗೆ ನಿಜವಾಗಿಯೂ ಇಷ್ಟ ಅಂಕಲ್. ಅದು ಅಕ್ಕನಿಂದ ಬಂದದ್ದಲ್ಲ, ನನ್ನದೇ. ರಸ್ತೆಯಲ್ಲಿ ಹೋಗುವಾಗ ಈಗಲೂ ಎಲೆ ಕಿತ್ತು ಮೂಸುತ್ತೇನೆ.

ಇದನ್ನು ಅವರಿಗೆ ತೋರಿಸಬೇಕೋ ಬೇಡವೋ ನನಗೆ ತಿಳಿಯದು.

ಶೃತಿ


ಜಯನಗರ
20 ಜನವರಿ 2025

ಶೃತಿಗೆ,

ಯಜಮಾನರು ನಿನ್ನ ಕಾಗದವನ್ನು ನನಗೆ ಓದಿ ಹೇಳಲಿಲ್ಲ. ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು, ಬಿಸಿಲಿನಲ್ಲೇ ಪಾರ್ಕಿಗೆ ಹೋದರು.

ಮೊದಲು ನನಗೆ ಬಂದದ್ದು ಸಿಟ್ಟು. ಎಂಥ ಮೂಢನಂಬಿಕೆ ಎಂದೆ. ನಿಮ್ಮಮ್ಮನನ್ನು ಮನಸ್ಸಿನಲ್ಲೇ ಎದುರಿಗೆ ನಿಲ್ಲಿಸಿಕೊಂಡು ಪಾಠ ಮಾಡಿದೆ. ಸೊಳ್ಳೆ, ನೀರು, ರಕ್ತ, ಎಲ್ಲವನ್ನೂ ವಿವರಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು, ಸತ್ತವರಿಗೆ ಎಂಥ ಹುಟ್ಟುಹಬ್ಬ ಎಂದು. ಇಡೀ ಡಿಸೆಂಬರ್ ತಿಂಗಳು ಅದರ ಉತ್ತರ ಹುಡುಕಿದೆ. ಮಂಗಮ್ಮನವರು ಒಂದು ಮಾತಿನಲ್ಲಿ ಕಂಡದ್ದನ್ನು ನಾನು ನನ್ನ ಕೈಯಾರೆ ಬಡಿಸುತ್ತಾ ಕಾಣಲಿಲ್ಲ.

ನಿನಗೆ ಹೆಸರುಬೇಳೆ ಪಾಯಸ ಇಷ್ಟವೋ ಇಲ್ಲವೋ ಎಂದು ನಾನು ಒಂದು ದಿನವೂ ಕೇಳಿಲ್ಲ ಎಂಬುದು ಮೊನ್ನೆ ಬೇಳೆ ಹುರಿಯುವಾಗ ನೆನಪಾಯಿತು. ಚಕ್ಕುಲಿಯೂ ಅವಳಿಗೆ ಇಷ್ಟವಾದದ್ದು.

ನಿನ್ನೆ ಹತ್ತೊಂಬತ್ತು. ಮುನಿಯಕ್ಕ ಬಾಳೆಎಲೆ ತೊಳೆಯುತ್ತಾ, "ಎಷ್ಟು ಎಲೆ ಅಮ್ಮಾವ್ರೆ?" ಎಂದಳು. ಒಂದು ಎಂದೆ. ಊಟದ ಮೇಜಿನ ಆ ಕುರ್ಚಿಯನ್ನು ಯಜಮಾನರು ಎತ್ತಿ ಹಾಲಿನಲ್ಲಿಟ್ಟರು. ನೆಲ ಸಾರಿಸಿ, ಎಲೆ ಹಾಕಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದೆ. ಇದು ನಮ್ಮಲ್ಲಿ ಇರುವ ಪದ್ಧತಿಯಲ್ಲ, ಯಾವ ಪುರೋಹಿತರನ್ನೂ ನಾನು ಕೇಳಲಿಲ್ಲ. ನಿಮ್ಮಮ್ಮ ಮಾಡುತ್ತಾರೆಂದು ನೀನು ಬರೆದಿದ್ದೆಯಲ್ಲ, ಹಾಗೆಯೇ ಮಾಡಿದೆ. "ಸಮ್ಮು, ಊಟಕ್ಕೆ ಬಾ ಮಗಳೆ" ಎಂದು ಕರೆದು ಬಾಗಿಲು ಮುಂದೆ ಮಾಡಿಕೊಂಡು ನಾವಿಬ್ಬರೂ ಹೊರಗೆ ಕುಳಿತೆವು.

ಯಾರೂ ಓಗೊಡಲಿಲ್ಲ.

ಒಂಬತ್ತು ವರ್ಷದಲ್ಲಿ ನಾನು ಅವಳನ್ನು ಎಷ್ಟೋ ಸಲ ಕರೆದಿದ್ದೇನೆ. ಬಾಯಲ್ಲಿ ಕರೆಯದಿದ್ದರೂ ಒಳಗೊಳಗೇ ಕರೆದಿದ್ದೇನೆ. ಓಗೊಡುವುದಿಲ್ಲ ಎಂದು ತಿಳಿದು ಕರೆದದ್ದು ನಿನ್ನೆಯೇ ಮೊದಲು. ಯಜಮಾನರು ನನ್ನ ಬೆನ್ನು ಸವರುತ್ತಿದ್ದರು. ಅವರು ಅಳುವುದನ್ನು ನಾನು ನೋಡಿದ್ದೂ ನಿನ್ನೆಯೇ ಮೊದಲು. ನನಗೆ ನನ್ನ ಮಗಳು ಬೇಕು ಎಂದು ಗಟ್ಟಿಯಾಗಿ ಅತ್ತೆ. ಪಕ್ಕದ ಮನೆಯವರು ಬಂದು ಗೇಟಿನ ಹತ್ತಿರ ನಿಂತು ಹಿಂದಿರುಗಿದರು.

ಇವತ್ತು ಬೆಳಿಗ್ಗೆ ಮುನಿಯಕ್ಕ ಡಬ್ಬಿ ತಂದಳು. ಮೂರು ಕವರುಗಳಿದ್ದವು. ಮೂರನ್ನೂ ಎರಡೂ ಕೈಯೊಡ್ಡಿ ತೆಗೆದುಕೊಂಡಿದ್ದೇನೆ. ಹಣ ಪೂರ್ತಿ ಮುಟ್ಟಿತು, ಆ ಹೆಸರಿನದು ನಿಮ್ಮ ಮನೆಯಲ್ಲಿ ಏನೂ ಉಳಿದಿಲ್ಲ ಎಂದು ನಿಮ್ಮಮ್ಮನಿಗೆ ಹೇಳು. ಅವರ ಹರಕೆ ತೀರಿತು. ಜೂನಿನಲ್ಲಿ ಹೋಗಿ ನಿನ್ನ ಜಾಗದಲ್ಲಿ ಕುಳಿತು ಓದು. ಹೊಸ ಕೋಟು ಹೊಲಿಸಿಕೋ.

ಇನ್ನು ನನಗೆ ಸೆಮಿಸ್ಟರಿಗೊಂದು ಕಾಗದ ಬರೆಯುವುದು ಬೇಡ. ನಮ್ಮ ಮನೆಗೂ ಬರಬೇಡ. ಕೋಪದಿಂದ ಹೇಳುತ್ತಿಲ್ಲ ಮಗು. ನೀನು ಎದುರಿಗೆ ಬಂದರೆ ನನ್ನ ಬಾಯಿ ಮತ್ತೆ ಏನೆಂದು ಕರೆಯುತ್ತದೋ ನನಗೇ ನಂಬಿಕೆಯಿಲ್ಲ. ನೀನು ಪಾಸಾದರೆ ಮುನಿಯಕ್ಕ ಊರಿಗೆಲ್ಲ ಹೇಳುತ್ತಾಳೆ, ನನಗೂ ಕೇಳಿಸುತ್ತದೆ.

ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತೊಳೆದು, ಬಿಸಿಲಿಗೆ ಬೋರಲು ಹಾಕಿ ಒಣಗಿಸಿದೆ. ಮುಚ್ಚಳ ಹಾಕುವಾಗ ಕೈ ತಾನಾಗಿಯೇ ಸಕ್ಕರೆ ಡಬ್ಬದ ಕಡೆ ಹೋಯಿತು. ಒಂದು ಚಮಚ ತುಂಬಿಯೂ ಬಿಟ್ಟಿದ್ದೆ. ಅದನ್ನು ಮತ್ತೆ ಡಬ್ಬಕ್ಕೇ ಸುರಿದೆ.

ಈ ಕಾಗದವನ್ನೂ ಅದರೊಳಗೆ ಇಟ್ಟಿಲ್ಲ, ಮುನಿಯಕ್ಕನ ಕೈಗೆ ಬೇರೆಯಾಗಿ ಕೊಟ್ಟಿದ್ದೇನೆ. ಡಬ್ಬಿ ಬರಿದಾಗಿದೆ. ನಿಮ್ಮಮ್ಮ ಮುಚ್ಚಳ ತೆಗೆದು ನೋಡಲಿ.

ಸೀತಾಲಕ್ಷ್ಮಿ